ಗಿಟಾರನ್ನು ಒಳಗೆ ನೋಡು

'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎಂಬುದು ಬಳ್ಳಾರಿ ಸೀಮೆಯ ಹಳೆಯ ಮಾತು. ಹಂಪಿಯ ವೈಭವ ಬಯಲಲ್ಲೇ ಕಾಣುತ್ತದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯ ಹಾಗಲ್ಲ. ಹೊರಗೆ ನಿಂತು ನೋಡಿ ಹೋದವರಿಗೆ ಅದರ ಗುಟ್ಟು ತಿಳಿಯದು. ಬಾಗಿಲು ದಾಟಿ ಒಳಗೆ ಹೋಗಿ ತಲೆಯೆತ್ತಿದಾಗಲೇ ಶಿಲ್ಪಿಯ ಕುಸುರಿ ಕಣ್ಣಿಗೆ ಬೀಳುವುದು. ವೀರಶೈವ ಪಂಚಪೀಠಗಳಲ್ಲಿ ಒಂದಾದ ಈ ಊರು ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಈಗ ವಿಜಯನಗರ ಜಿಲ್ಲೆಯ ಕೊಟ್ಟೂರು ತಾಲ್ಲೂಕಿಗೆ ಸೇರಿದೆ. ತಾಲ್ಲೂಕು ಬದಲಾದರೂ ಗಾದೆ ಬದಲಾಗಿಲ್ಲ.

ಈ ಗಾದೆ ದೇವಾಲಯಕ್ಕೆ ಮಾತ್ರವಲ್ಲ, ಎಲೆಕ್ಟ್ರಿಕ್ ಗಿಟಾರ್ ಮಾರುವ ಅಂಗಡಿಗೂ ಚೆನ್ನಾಗಿ ಒಪ್ಪುತ್ತದೆ ಎಂದರೆ ಕೆಲವರಿಗೆ ನಗು ಬರಬಹುದು. ಆದರೆ ಜಾತ್ರೆಯ ರಾತ್ರಿ ರಸಮಂಜರಿ ಕಾರ್ಯಕ್ರಮ ನೋಡಿ ಬಂದ ಮಗ ಮರುದಿನವೇ 'ನನಗೂ ಅಂಥದ್ದೇ ಒಂದು ಗಿಟಾರ್ ಕೊಡಿಸಪ್ಪಾ' ಎಂದು ಹಟ ಹಿಡಿದು ಕೂತ ಮನೆಗಳಲ್ಲಿ ಇದು ನಗುವ ಸಂಗತಿಯಲ್ಲ. ಶೇಂಗಾ ಅಥವಾ ಮೆಕ್ಕೆಜೋಳ ಮಾರಿದ ಹಣದಲ್ಲಿ ಬೀಜ, ಗೊಬ್ಬರ, ಫೀಸು ಎಲ್ಲ ಕಳೆದು ಉಳಿದ ಹತ್ತಿಪ್ಪತ್ತು ಸಾವಿರವನ್ನು ಒಂದು ವಾದ್ಯಕ್ಕೆ ಸುರಿಯುವುದು ಸಣ್ಣ ನಿರ್ಧಾರವಲ್ಲ.

ಹೀಗೆ ತಂದ ಗಿಟಾರುಗಳಲ್ಲಿ ಎಷ್ಟೋ ಮೂರು ತಿಂಗಳಲ್ಲಿ ಗೋಡೆಯ ಮೊಳೆ ಸೇರುತ್ತವೆ. 'ಹುಡುಗನಿಗೆ ಹುಚ್ಚು ಬಿಟ್ಟಿತು' ಎಂದು ಮನೆಯವರು ಹೇಳುತ್ತಾರೆ. 'ನನ್ನ ಬೆರಳು ಇದಕ್ಕೆ ಹುಟ್ಟಿದ್ದಲ್ಲ' ಎಂದು ಹುಡುಗ ಅಂದುಕೊಳ್ಳುತ್ತಾನೆ. ಅನೇಕ ಸಲ ಇಬ್ಬರ ಮಾತೂ ತಪ್ಪು. ತಪ್ಪು ಇರುವುದು ವಾದ್ಯದ ಒಳಗೆ. ಅದೂ ಕೆಲವು ನೂರು ರೂಪಾಯಿ ಖರ್ಚಿನಲ್ಲಿ ಸರಿಹೋಗುವಂಥದ್ದು.

ಪೆಟ್ಟಿಗೆಯ ನಂತರ ಹಲಗೆ

ಪರದೇಶದ ವಾದ್ಯವೊಂದು ಹಳ್ಳಿಗೆ ಬಂದು ನೆಲೆಯೂರುವುದು ಹೊಸದೇನಲ್ಲ. ಹಾರ್ಮೋನಿಯಂ ಇದಕ್ಕೆ ಒಳ್ಳೆಯ ಉದಾಹರಣೆ. 1842ರಲ್ಲಿ ಫ್ರಾನ್ಸಿನ ಅಲೆಕ್ಸಾಂಡರ್ ಡೆಬೈನ್ ಹಕ್ಕುಸ್ವಾಮ್ಯ ಪಡೆದ ಈ ವಾದ್ಯವನ್ನು ಕಾಲಿನಿಂದ ತುಳಿದು ನುಡಿಸಬೇಕಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕುಳಿತು ಕೈಯಲ್ಲಿ ತಿದಿ ಒತ್ತಿ ನುಡಿಸುವಂತೆ ಮಾಡಿದರು. ಅಲ್ಲಿಂದ ಮುಂದೆ ಅದು ಕಂಪನಿ ನಾಟಕ, ಭಜನೆ, ದೊಡ್ಡಾಟಗಳ ಬೆನ್ನೆಲುಬಾಯಿತು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿ 1971ರವರೆಗೆ ಹೊರಗಿಟ್ಟರೂ ಹಳ್ಳಿಯ ಭಜನಾ ಮಂಡಳಿಗಳು ಪೆಟ್ಟಿಗೆಯನ್ನು ಕೈಬಿಡಲಿಲ್ಲ. ಅದು ಹಳ್ಳಿಯ ಕೈಗೆ ಎಟುಕುತ್ತಿತ್ತು, ಗುರುವಿಲ್ಲದೆಯೂ ಒಂದಿಷ್ಟು ಕಲಿಯಬಹುದಿತ್ತು, ಅದೇ ಕಾರಣ.

ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದು ಒಂದು ಕೊರತೆಯಿಂದ. 1920ರ ದಶಕದ ಅಮೆರಿಕದಲ್ಲಿ ನೃತ್ಯಕೂಟಗಳ ವಾದ್ಯಮೇಳ ದೊಡ್ಡದಾಗುತ್ತ ಹೋಯಿತು. ಕಹಳೆ, ಡ್ರಮ್ಮುಗಳ ಅಬ್ಬರದಲ್ಲಿ ಮರದ ಗಿಟಾರಿನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಜಾರ್ಜ್ ಬೋಶಾಂಪ್ ಎಂಬ ವಾದಕ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಬಳಸಿ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಉಪಾಯ ಕಂಡುಕೊಂಡ. ಅವನ ಜೊತೆಗೂಡಿದ ರಿಕನ್‌ಬ್ಯಾಕರ್ ಕಂಪನಿ 1932ರಲ್ಲಿ ಮಾರಾಟಕ್ಕೆ ತಂದ ವಾದ್ಯ ನೋಡಲು ಬಾಣಲೆಯಂತೆ ಇದ್ದುದರಿಂದ ಅದಕ್ಕೆ 'ಫ್ರೈಯಿಂಗ್ ಪ್ಯಾನ್' ಎಂದೇ ಹೆಸರಾಯಿತು.

ಮುಂದಿನ ತೊಡಕು ಬೇರೆಯದು. ಟೊಳ್ಳು ಗಿಟಾರಿಗೆ ಪಿಕಪ್ ಕೂರಿಸಿದರೆ ಸ್ಪೀಕರಿನ ಸದ್ದಿಗೆ ಪೆಟ್ಟಿಗೆಯೇ ನಡುಗಿ, ಭಾಷಣದ ಮೈಕು ಕೂಗಿಕೊಳ್ಳುವಂತೆ ಕಿವಿಗಡಚಿಕ್ಕುವ ಕೂಗು ಏಳುತ್ತಿತ್ತು. ಟೊಳ್ಳನ್ನೇ ತೆಗೆದು ಗಟ್ಟಿ ಹಲಗೆಯ ಗಿಟಾರ್ ಮಾಡಿದರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತಿತ್ತು. ರೇಡಿಯೊ ರಿಪೇರಿ ಅಂಗಡಿಯಿಂದ ಬೆಳೆದು ಬಂದ ಲಿಯೊ ಫೆಂಡರ್ 1950ರಲ್ಲಿ ಇಂಥ ಗಿಟಾರನ್ನು ಕಾರ್ಖಾನೆಯ ಸರಕಾಗಿ ಮಾಡಿದ. ಅದೇ ಮುಂದೆ 'ಟೆಲಿಕ್ಯಾಸ್ಟರ್' ಎನಿಸಿಕೊಂಡಿತು. 1954ರ 'ಸ್ಟ್ರ್ಯಾಟೊಕ್ಯಾಸ್ಟರ್' ಅವನದೇ. ಇವತ್ತು ಅಂಗಡಿಗಳಲ್ಲಿ ನೇತಾಡುವ ಅಗ್ಗದ ಗಿಟಾರುಗಳಲ್ಲಿ ಹೆಚ್ಚಿನವು ಈ ಎರಡನೆಯದರ ಅಚ್ಚಿನವೇ. ಕತ್ತನ್ನು ಒಡಲಿಗೆ ಅಂಟಿನಿಂದಲ್ಲದೆ ಸ್ಕ್ರೂಗಳಿಂದ ಬಿಗಿಯುವ ಫೆಂಡರನ ಪದ್ಧತಿ ಬೆಲೆ ಇಳಿಸಲು ಬಹಳ ನೆರವಾಯಿತು.

ನಮ್ಮ ಕಡೆಗೆ ಇದರ ನಾದ ಬಂದದ್ದು ಸಿನಿಮಾದ ಮೂಲಕ. ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳಲ್ಲೇ ಗಿಟಾರಿನ ಮೀಟು ಕಿವಿಗೆ ಪರಿಚಿತವಾಗಿತ್ತು. ಶಾಸ್ತ್ರೀಯ ಸಂಗೀತದಲ್ಲಿ ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ (1969–2014) ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಬಂದಾಗ ಹುಬ್ಬೇರಿಸಿದವರೇ ಆಮೇಲೆ ತಲೆದೂಗಿದರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ತತ್ವಪದವನ್ನು ಗಿಟಾರಿನ ಜೊತೆ ಹಾಡಿದರು. ಏಕತಾರಿಯ ಪದ ಗಿಟಾರಿಗೂ ಒಗ್ಗುತ್ತದೆ ಎಂಬುದು ಹಳ್ಳಿಯ ಹುಡುಗರಿಗೂ ತಿಳಿಯಿತು.

ಅಗ್ಗ ಎಂದರೆ ಕಳಪೆಯೇ?

ಮೊದಲ ಗಿಟಾರ್ ಅಗ್ಗದ್ದಾಗಿರುವುದು ನಾಚಿಕೆಯ ವಿಷಯವಲ್ಲ. ಅಮೆರಿಕದ ಸಿಯರ್ಸ್ ಕಂಪನಿ 1960ರ ದಶಕದ ಆರಂಭದಲ್ಲಿ ಅಂಚೆಯ ಮೂಲಕ ಮಾರುತ್ತಿದ್ದ 'ಸಿಲ್ವರ್‌ಟೋನ್' ಗಿಟಾರಿನ ಪೆಟ್ಟಿಗೆಯೊಳಗೇ ಪುಟ್ಟ ಆಂಪ್ಲಿಫೈಯರ್ ಇತ್ತು. ಎರಡೂ ಸೇರಿ 70 ಡಾಲರಿಗೂ ಕಡಿಮೆ. ಅಲ್ಲಿನ ಒಂದು ಪೀಳಿಗೆ ಕಲಿತದ್ದೇ ಅದರಲ್ಲಿ. ಜಿಮಿ ಹೆಂಡ್ರಿಕ್ಸ್‌ಗೆ 1959ರಲ್ಲಿ ತಂದೆ ಕೊಡಿಸಿದ ಮೊದಲ ಎಲೆಕ್ಟ್ರಿಕ್ ಗಿಟಾರೂ ಸಾಮಾನ್ಯ ದರ್ಜೆಯ 'ಸುಪ್ರೊ'.

ಇನ್ನೂ ಸ್ವಾರಸ್ಯದ ಕಥೆ ಇಂಗ್ಲೆಂಡಿನ 'ಕ್ವೀನ್' ತಂಡದ್ದು. ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದ ಫ್ರೆಡಿ ಮರ್ಕ್ಯುರಿ ಹಾಡುತ್ತಿದ್ದ ತಂಡವಿದು. ಅದರ ಗಿಟಾರ್ ವಾದಕ ಬ್ರಯಾನ್ ಮೇ, ಕೊಳ್ಳಲು ಹಣವಿಲ್ಲದೆ, 1963ರಲ್ಲಿ ತಂದೆಯೊಡನೆ ಕೂತು ಗಿಟಾರನ್ನು ಮನೆಯಲ್ಲೇ ಮಾಡತೊಡಗಿದ. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಒಳಗೆ ಮೋಟಾರ್ ಸೈಕಲ್ ಎಂಜಿನ್ನಿನ ಸ್ಪ್ರಿಂಗು! ಅದೇ ತಂಡದ ಜಾನ್ ಡೀಕನ್ 1970ರ ದಶಕದ ಆರಂಭದಲ್ಲಿ ಲಂಡನ್ನಿನ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕೀಟೊಂದನ್ನು ಸಣ್ಣ ಸ್ಪೀಕರ್ ಪೆಟ್ಟಿಗೆಗೆ ಕೂರಿಸಿ, 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಆಂಪ್ ಮಾಡಿದ. ಈ ಎರಡರ ನಾದವೂ ಅವರ ಜಗತ್ಪ್ರಸಿದ್ಧ ಧ್ವನಿಮುದ್ರಿಕೆಗಳಲ್ಲಿದೆ.

ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದಲ್ಲ. ಇಂದು ಚೀನಾ, ಇಂಡೊನೇಷ್ಯಾಗಳ ಕಾರ್ಖಾನೆಗಳಲ್ಲಿ ಮರವನ್ನು ಕಂಪ್ಯೂಟರ್ ಯಂತ್ರಗಳೇ ಕೊರೆಯುತ್ತವೆ. ಆದ್ದರಿಂದ ಅಗ್ಗದ ಗಿಟಾರಿನ ಆಕಾರ, ಅಳತೆಗಳಲ್ಲಿ ದೊಡ್ಡ ತಪ್ಪು ಈಗ ಅಪರೂಪ. ಬೆಲೆ ಉಳಿಸುವುದು ಯಂತ್ರದ ನಂತರದ ಕೈಕೆಲಸದಲ್ಲಿ: ಫ್ರೆಟ್‌ಗಳ ಅಂಚು ಉಜ್ಜುವುದು, ತಂತಿಯ ಎತ್ತರ ಹೊಂದಿಸುವುದು, ಬೆಸುಗೆ ಸರಿಯಾಗಿ ಹಾಕುವುದು. ಇವು ಹೊರಗೆ ಕಾಣುವುದಿಲ್ಲ. ಕಾಣುವುದು ಬಣ್ಣ ಮತ್ತು ಮೆರುಗು. ಉಜ್ಜಿನಿಯ ಗಾದೆ ಇಲ್ಲಿ ನೆನಪಾಗಬೇಕು.

ತಂತಿಯಿಂದ ಸ್ಪೀಕರಿನವರೆಗೆ

ಒಳಗೆ ನೋಡಬೇಕಾದರೆ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದಿರಬೇಕು. ತಂತಿಗಳ ಕೆಳಗೆ ಕೂತ ಉದ್ದನೆಯ ಬಿಲ್ಲೆಯೇ ಪಿಕಪ್. ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಅಲುಗಾಡಿದಾಗ ಅಯಸ್ಕಾಂತದ ಕ್ಷೇತ್ರವೂ ಅಲುಗುತ್ತದೆ. ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ತುಂಗಭದ್ರಾ ಅಣೆಕಟ್ಟೆಯ ಟರ್ಬೈನಿನ ಪಕ್ಕದ ಜನರೇಟರೂ ಇದೇ ತತ್ವದಲ್ಲಿ ನಡೆಯುತ್ತದೆ.

ಒಂದೇ ಸುರುಳಿಯ ಪಿಕಪ್ ಸುತ್ತಲಿನ ಕರೆಂಟಿನ ತಂತಿಗಳ 50 ಹರ್ಟ್ಜ್ ಗುಂಯ್ ಶಬ್ದವನ್ನೂ ಹೀರಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಈ ಗುಂಯ್‌ಗುಡುವಿಕೆಯನ್ನು ಅಡಗಿಸಿದ. ಅದಕ್ಕೇ 'ಹಂಬಕರ್' ಎಂದು ಹೆಸರು. ವೈರಿಂಗ್ ಅಷ್ಟಕ್ಕಷ್ಟೇ ಇರುವ ಮನೆಗಳಲ್ಲಿ ಒಂದಾದರೂ ಹಂಬಕರ್ ಇರುವ ಗಿಟಾರ್ ಆರಿಸಿಕೊಳ್ಳುವುದು ಜಾಣತನ.

ಅಂಗಡಿಯಲ್ಲಿ ಐದು ನಿಮಿಷ

ಕೊಟ್ಟೂರು, ಕೂಡ್ಲಿಗಿ ಕಡೆಯವರು ದಾವಣಗೆರೆ, ಹುಬ್ಬಳ್ಳಿ ಅಥವಾ ಬೆಂಗಳೂರಿನ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಮೇಲು. ಕೊರಿಯರಿನಲ್ಲಿ ತರಿಸಿದರೂ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು. ನುಡಿಸಲು ಬಾರದವರಿಗೂ ಇವು ಸಾಧ್ಯ.

ಮೊದಲನೆಯದು ಕತ್ತು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಬೇಕು. ನಡುವೆ, ಏಳನೆಯ ಫ್ರೆಟ್ ಬಳಿ, ತಂತಿಗೂ ಫ್ರೆಟ್‌ಗೂ ಕಾಗದದಷ್ಟು ಸಂದು ಕಾಣಬೇಕು. ಸಂದೇ ಇಲ್ಲವೆಂದರೆ ಕತ್ತು ಹಿಂದಕ್ಕೆ ಬಾಗಿದೆ. ಬೆರಳು ತೂರುವಷ್ಟಿದ್ದರೆ ಮುಂದಕ್ಕೆ ಬಾಗಿದೆ. ಕತ್ತಿನ ಒಳಗೆ ಉದ್ದಕ್ಕೂ ಉಕ್ಕಿನ ಸರಳೊಂದಿದ್ದು, ಸಣ್ಣ ಬಾಗನ್ನು ಕೀಲಿಯಿಂದ ತಿರುಗಿಸಿ ಸರಿಪಡಿಸಬಹುದು. ಕತ್ತು ತಿರುಚಿಕೊಂಡಿದ್ದರೆ ಮಾತ್ರ ಆ ಗಿಟಾರನ್ನು ಅಲ್ಲೇ ಬಿಟ್ಟು ಬರಬೇಕು.

ಎರಡನೆಯದು ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್ ಮೇಲೆ ತಂತಿ ಸುಮಾರು 2 ಮಿಲಿಮೀಟರ್ ಎತ್ತರದಲ್ಲಿರಬೇಕು. ನಾಲ್ಕೈದು ಮಿಲಿಮೀಟರ್ ಇದ್ದರೆ ಹೊಸಬನ ಬೆರಳು ಹಣ್ಣಾಗುತ್ತದೆ. ಮೂರು ತಿಂಗಳಲ್ಲಿ ಗಿಟಾರ್ ಮೊಳೆ ಸೇರಲು ದೊಡ್ಡ ಕಾರಣ ಇದೇ.

ಮೂರನೆಯದು ಸ್ವರಶುದ್ಧಿ. ಹನ್ನೆರಡನೆಯ ಫ್ರೆಟ್ ತಂತಿಯ ಸರಿ ಅರ್ಧಕ್ಕೆ ಇರುತ್ತದೆ. ತಂತಿಯ ಉದ್ದ 648 ಮಿ.ಮೀ. ಇದ್ದರೆ ಅದು 324 ಮಿ.ಮೀ. ದೂರದಲ್ಲಿ. ಅಲ್ಲಿ ಒತ್ತಿದಾಗ ಬಿಟ್ಟ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಬರಬೇಕು. ಮೊಬೈಲಿನ ಟ್ಯೂನರ್ ಆ್ಯಪ್ ಇದನ್ನು ಕ್ಷಣದಲ್ಲಿ ಹೇಳುತ್ತದೆ. ಸ್ವಲ್ಪ ತಪ್ಪಿದ್ದರೆ ಬ್ರಿಜ್ಜಿನ, ಅಂದರೆ ವೀಣೆಯ ಭಾಷೆಯಲ್ಲಿ ಕುದುರೆಯ, ಸ್ಕ್ರೂ ತಿರುಗಿಸಿ ಸರಿಮಾಡಬಹುದು.

ನಾಲ್ಕನೆಯದು ಫ್ರೆಟ್‌ಗಳು. ಕತ್ತಿನ ಅಂಚಿನಲ್ಲಿ ಅಂಗೈ ಸವರಿದರೆ ಗರಗಸದಂತೆ ಚುಚ್ಚಬಾರದು. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಮರ ಕುಗ್ಗಿ ಲೋಹದ ತುದಿ ಹೊರಚಾಚುವುದುಂಟು. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ಮೀಟಿದಾಗ ಎಲ್ಲಿಯೂ ದನಿ ಸಾಯಬಾರದು.

ಐದನೆಯದು ವಿದ್ಯುತ್ ಭಾಗ. ಗುಂಡಿ ತಿರುಗಿಸುವಾಗ ಕರಕರ ಸದ್ದು, ವೈರು ಸಿಕ್ಕಿಸುವ ಜಾಕ್ ಅಲುಗಿಸಿದಾಗ ಸದ್ದು ಕಡಿಯುವುದು, ಇವೆರಡೂ ಇರಬಾರದು. ಹೊಸಬರಿಗೆ ತೇಲುವ ಬ್ರಿಜ್ಜಿನ ಗಿಟಾರ್ ಬೇಡ. ಅದರಲ್ಲಿ ಒಂದು ತಂತಿ ಕಡಿದರೆ ಉಳಿದ ಐದರ ಶ್ರುತಿಯೂ ಕೆಡುತ್ತದೆ.

ಈ ಹೊಂದಾಣಿಕೆಗೆಲ್ಲ ಅಂಗಡಿಯವರು 'ಸೆಟಪ್' ಎನ್ನುತ್ತಾರೆ. ನಮ್ಮವರಿಗೆ ಇದು ಹೊಸದಲ್ಲ. ದೊಡ್ಡಬಳ್ಳಾಪುರದ ಬಳಿಯ ಸಿಂಪಾಡಿಪುರದಂಥ ವೀಣೆ ಮಾಡುವ ಊರುಗಳಲ್ಲಿ ಹಲಸಿನ ಮರ ಕೊರೆದ ಮಾತ್ರಕ್ಕೆ ವೀಣೆ ಮುಗಿಯುವುದಿಲ್ಲ. ಮೇಣದ ಮೇಲೆ 24 ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸಿ 'ಮೇಳ ಕಟ್ಟಿದ' ಮೇಲೆಯೇ ಅದು ವಾದ್ಯ. ಮೇಳ ಕಟ್ಟದ ವೀಣೆಯನ್ನು ಯಾರೂ ಮಗುವಿನ ಕೈಗೆ ಕೊಡುವುದಿಲ್ಲ. ಗಿಟಾರಿನ ವಿಷಯದಲ್ಲಿ ಮಾತ್ರ ಆ ಎಚ್ಚರ ಮರೆತುಹೋಗುತ್ತದೆ.

ಮೈಕ್‌ಸೆಟ್ ಸಾಲದೇ?

'ಊರಲ್ಲಿ ಮೈಕ್‌ಸೆಟ್ ಇದೆಯಲ್ಲ, ಆಂಪ್ಲಿಫೈಯರ್ ಬೇರೆ ಏಕೆ?' ಎಂಬ ಪ್ರಶ್ನೆ ಸಹಜ. ಮೈಕಿನ ತೂತಿಗೆ ಗಿಟಾರ್ ಸಿಕ್ಕಿಸಿದರೆ ಸದ್ದೇನೋ ಬರುತ್ತದೆ. ಆದರೆ ಮೈಕಿಗೆಂದು ಮಾಡಿದ ಆ ದಾರಿ ಗಿಟಾರಿನ ಕ್ಷೀಣ ವಿದ್ಯುತ್ತಿಗೆ ಭಾರವಾಗಿ, ಮೇಲಿನ ಸ್ವರಗಳ ಹೊಳಪು ಸೋರಿಹೋಗುತ್ತದೆ. ಗಿಟಾರ್ ಆಂಪಿನ ದಾರಿ ಸುಮಾರು 10 ಲಕ್ಷ ಓಮ್ ತಡೆಯದು. ಅದು ಪಿಕಪ್ಪಿನಿಂದ ಹೆಚ್ಚೇನೂ ಎಳೆಯುವುದಿಲ್ಲ. ಸ್ಪೀಕರೂ ಬೇರೆ. ಗಿಟಾರ್ ಸ್ಪೀಕರ್ 5,000 ಹರ್ಟ್ಜ್ ದಾಟಿದ ಕರ್ಕಶ ಸದ್ದನ್ನು ತಾನೇ ಕಡಿಮೆ ಮಾಡುತ್ತದೆ. ಮೈಕ್‌ಸೆಟ್ಟಿನ ಹಾರ್ನು ದೂರಕ್ಕೆ ಮಾತು ಕೇಳಿಸಲು ಹುಟ್ಟಿದ್ದು, ನಾದಕ್ಕಲ್ಲ.

ಎಷ್ಟು ವ್ಯಾಟ್ ಬೇಕು? ಮನೆಗೆ 10 ವ್ಯಾಟ್ ಧಾರಾಳ. 10ರ ಬದಲು 20 ವ್ಯಾಟ್ ತಂದರೆ ಸದ್ದು ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ವ್ಯಾಟು ಹತ್ತು ಪಟ್ಟಾಗಬೇಕು. ಆದ್ದರಿಂದ ವ್ಯಾಟಿಗೆ ಕೊಡುವ ಹಣವನ್ನು ಹೆಡ್‌ಫೋನ್ ಜಾಕ್ ಇರುವ, ಸಾಧ್ಯವಾದರೆ ಬ್ಯಾಟರಿಯಲ್ಲೂ ನಡೆಯುವ ಆಂಪಿಗೆ ಕೊಡುವುದು ಲೇಸು. ಕರೆಂಟ್ ಹೋದರೂ ಅಭ್ಯಾಸ ನಿಲ್ಲದು. ರಾತ್ರಿ ಅಜ್ಜಿಯ ನಿದ್ದೆಯೂ ಕೆಡದು.

ಮೂರನೆಯ ಪಿನ್ನು

ಇಷ್ಟೆಲ್ಲದರ ನಡುವೆ ಹಣಕ್ಕಿಂತ ದೊಡ್ಡ ವಿಷಯ ಒಂದಿದೆ. ಗಿಟಾರಿನ ತಂತಿಗಳು ವೈರಿನ ಮೂಲಕ ಆಂಪಿನ ಲೋಹದ ಮೈಗೆ ಸೇರಿಕೊಂಡಿರುತ್ತವೆ. ಆಂಪಿನಲ್ಲಿ ದೋಷವಿದ್ದು, ಅರ್ಥಿಂಗ್ ಇಲ್ಲದಿದ್ದರೆ, ಕರೆಂಟು ತಂತಿಗೇ ಬಂದು ನಿಲ್ಲುತ್ತದೆ. ಕೈ ತಂತಿಯ ಮೇಲೆ, ತುಟಿ ಬೇರೊಂದು ಮೈಕಿನ ಮೇಲೆ ಇದ್ದರೆ ನಡುವಿನ ದೇಹವೇ ವಿದ್ಯುತ್ತಿನ ದಾರಿ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಪ್ರಾಣಬಿಟ್ಟ.

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಕಿತ್ತು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿದೆ. ಎಲೆಕ್ಟ್ರಿಕ್ ಗಿಟಾರ್ ಬರುವ ಮನೆಯಲ್ಲಿ ಅದು ಕೂಡದು. ಗಿಟಾರ್ ತರುವ ಮುನ್ನವೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಬೇಕು. ತಂತಿ ಮುಟ್ಟಿದಾಗ ಸ್ವಲ್ಪವೇ ಜುಮ್ಮೆಂದರೂ ಆಂಪನ್ನು ಆರಿಸಿ, ಸರಿಪಡಿಸುವವರೆಗೆ ಹಚ್ಚಬಾರದು. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ನುಡಿಸಲೇಬಾರದು.

ಇಪ್ಪತ್ತು ಸಾವಿರದ ಲೆಕ್ಕ

ಗಿಟಾರ್, ಆಂಪ್, ಚೀಲ, ವೈರು ಎಲ್ಲ ಸೇರಿದ ಪ್ಯಾಕುಗಳು ಇಂದು ಹೆಚ್ಚುಕಡಿಮೆ 10 ಸಾವಿರ ರೂಪಾಯಿಯೊಳಗೂ ಸಿಗುತ್ತವೆ. ಅದರಲ್ಲಿ ಆಂಪು ಆಟಿಕೆಯಂತಿರುವುದೇ ಹೆಚ್ಚು. 20 ಸಾವಿರ ಹೊಂದಿಸಬಲ್ಲವರು 12 ಸಾವಿರದ ಆಸುಪಾಸು ಗಿಟಾರಿಗೆ, ಐದು ಸಾವಿರ ಆಂಪಿಗೆ, ಉಳಿದದ್ದನ್ನು ಸೆಟಪ್, ಒಳ್ಳೆಯ ವೈರು ಮತ್ತು ಒಂದು ಹೆಚ್ಚುವರಿ ತಂತಿಯ ಸೆಟ್ಟಿಗೆ ಇಟ್ಟುಕೊಳ್ಳಬಹುದು. 10 ಸಾವಿರವೇ ಮಿತಿ ಎಂದಾದರೆ ಹಳೆಯ ಗಿಟಾರ್ ಕೊಂಡು ಸೆಟಪ್ ಮಾಡಿಸುವುದು ಹೊಳೆಯುವ ಹೊಸದಕ್ಕಿಂತ ಮೇಲು. ಏನನ್ನು ಬಿಟ್ಟರೂ ಸೆಟಪ್ಪಿನ ಹಣ ಬಿಡಬಾರದು.

'ಮೊದಲು ಮರದ ಗಿಟಾರ್ ಕಲಿ, ಆಮೇಲೆ ಕರೆಂಟಿನದು' ಎಂಬ ಬುದ್ಧಿಮಾತೂ ಕೇಳಿಬರುತ್ತದೆ. ಇದು ಕಡ್ಡಾಯವೇನಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿ ತೆಳು, ಬೆರಳಿಗೆ ನೋವು ಕಡಿಮೆ. ಯಾವುದನ್ನು ಕೇಳಿ ಆಸೆ ಹುಟ್ಟಿತೋ ಅದನ್ನೇ ಕಲಿಯುವವನು ಹೆಚ್ಚು ದಿನ ನಿಲ್ಲುತ್ತಾನೆ.

ವಾದ್ಯ ಸರಿಯಿದ್ದೂ ಹುಡುಗ ಕಲಿಯದಿದ್ದರೆ ಅದು ಬೇರೆ ಮಾತು. ಹಾರ್ಮೋನಿಯಂ ತಂದ ಮನೆಗಳಲ್ಲೂ ಎಲ್ಲರೂ ಮಾಸ್ತರರಾಗಲಿಲ್ಲ. ಆದರೆ ಕಲಿಯುವ ಮನಸ್ಸಿದ್ದೂ, ತಂತಿ ಮೂರು ಮಿಲಿಮೀಟರ್ ಎತ್ತರವಾಯಿತೆಂಬ ಕಾರಣಕ್ಕೆ ತನಗೆ ಸಂಗೀತ ಒಲಿಯದು ಎಂದು ಒಂದು ಮಗು ತಿಳಿಯುವಂತಾಗಬಾರದು. ಅಂಗಡಿಯ ಗೋಡೆಯಲ್ಲಿ ಕೆಂಪು, ನೀಲಿ, ಕಪ್ಪು ಬಣ್ಣಗಳು ಮಿರುಗುತ್ತಿರುವಾಗ ಅಪ್ಪ-ಮಗ ಇಬ್ಬರೂ ಒಂದು ಕ್ಷಣ ಉಜ್ಜಿನಿಯ ಗುಡಿಯ ಬಾಗಿಲನ್ನು ನೆನೆಯಲಿ. ಹೊರಗಿನದನ್ನು ನೋಡಿದ್ದಾಯಿತು, ಕೊಳ್ಳಬೇಕಾದದ್ದು ಒಳಗಿನದನ್ನು.